ಬೂತಾಯಿ ಬದುಕಿದ್ದರೆ ಟ್ಯೂನಾ

ಅಮೆರಿಕದ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಿಂದ ಟ್ಯೂನಾ ಹಿಡಿಯಲು ರಾತ್ರಿ ಹೊರಡುವ ಬೋಟು ಸೀದಾ ಆಳ ಸಮುದ್ರಕ್ಕೆ ಹೋಗುವುದು ಅಪರೂಪ. ಮೊದಲು ಕೊಲ್ಲಿಯ ಬಾಯಿಯ ಹತ್ತಿರ ತೇಲುವ ಬೈಟ್ ರಿಸೀವರುಗಳ, ಅಂದರೆ ಗಾಳಕ್ಕೆ ಹಾಕುವ ಜೀವಂತ ಎರೆಮೀನು ಮಾರುವ ತಾಣಗಳ, ಪಕ್ಕ ನಿಲ್ಲುತ್ತದೆ. ತೇಲುವ ಕಟ್ಟೆ, ಅದರೊಳಗೆ ನೀರಿಗೆ ಇಳಿಬಿಟ್ಟ ಪೆಟ್ಟಿಗೆಗಳು, ಪೆಟ್ಟಿಗೆ ತುಂಬ ಜೀವಂತ ಸಾರ್ಡೀನ್. ಅಂಚಿನಲ್ಲಿ ಕಡಲಸಿಂಹಗಳು ಮೈಚೆಲ್ಲಿ ಮಲಗಿರುತ್ತವೆ, ಪೆಲಿಕನ್ ಹಕ್ಕಿಗಳು ಕಾಯುತ್ತಿರುತ್ತವೆ. ಕೆಲಸದವನು ಉದ್ದ ಹಿಡಿಯ ಬಲೆಯಲ್ಲಿ ಮೀನು ಮೊಗೆದು ಬೋಟಿನ ಟ್ಯಾಂಕಿಗೆ ಸುರಿಯುತ್ತಾನೆ. ಲೆಕ್ಕ ಕಿಲೋದಲ್ಲಲ್ಲ, ಮೊಗೆತದಲ್ಲಿ. ಅವರ ಮಾತಿನಲ್ಲಿ ಅದು ಸ್ಕೂಪ್. ಈ ಸಾರ್ಡೀನ್ ನಮ್ಮ ಮಂಗಳೂರು, ಮಲ್ಪೆಯ ಬೂತಾಯಿಯ ದಾಯಾದಿ. ಜಾತಿ ಬೇರೆ, ಬಳಗ ಒಂದೇ. ಹಾಗಾಗಿ ಇಲ್ಲಿ ಅದನ್ನು ಬೂತಾಯಿ ಎಂದೇ ಕರೆಯುತ್ತೇನೆ.

ಟ್ಯೂನಾ ಬೇಟೆಯ ಮಾತು ಬಂದಾಗ ಎಲ್ಲರೂ ರಾಡು, ರೀಲು, ಎಂಜಿನ್ನು, ಸೋನಾರ್ ಎನ್ನುತ್ತಾರೆ. ಮೂವತ್ತು ಜನರ ದೊಡ್ಡ ಬೋಟಿಗೆ ಆ ಮಾತು ಒಪ್ಪಬಹುದು. ಅಲ್ಲಿ ಟ್ಯಾಂಕೂ ದೊಡ್ಡದು, ಬೂತಾಯಿಯನ್ನು ಧಾರಾಳವಾಗಿ ಎರಚಿ ಟ್ಯೂನಾ ಹಿಂಡನ್ನು ಗಂಟೆಗಟ್ಟಲೆ ಬೋಟಿನ ಕೆಳಗೇ ನಿಲ್ಲಿಸಿಕೊಳ್ಳಬಹುದು. ನಾಲ್ಕೈದು ಜನ ಹೋಗುವ 28–30 ಅಡಿಯ ಬೋಟಿಗೆ ಆ ಐಶ್ವರ್ಯ ಇಲ್ಲ. ಅಲ್ಲಿ ಇರುವುದು ಒಂದೆರಡು ಸ್ಕೂಪು. ಅದರಲ್ಲಿ ಎಷ್ಟು ಬೂತಾಯಿ ಬೆಳಗಿನವರೆಗೆ ಚುರುಕಾಗಿ ಉಳಿಯುತ್ತವೆ ಎಂಬುದರ ಮೇಲೆ ಇಡೀ ದಿನ ನಿಂತಿರುತ್ತದೆ. ನೂರು ಕಿಲೋದ ಮೀನಿನ ಹಿಂದೆ ಹೊರಟವರು ರಾತ್ರಿಯಿಡೀ ನೂರು ಗ್ರಾಮಿನ ಮೀನನ್ನು ಕಾಯಬೇಕು. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿಯೂ ಇದೇ.

ಇದು ಆ ಊರಿಗೆ ಹೊಸತೇನಲ್ಲ. ಸ್ಯಾನ್ ಡಿಯಾಗೋ ಒಂದು ಕಾಲಕ್ಕೆ ಟ್ಯೂನಾದ ರಾಜಧಾನಿ ಎನಿಸಿಕೊಂಡಿತ್ತು. ಜಪಾನಿ ಮತ್ತು ಪೋರ್ಚುಗೀಸ್ ಮೂಲದ ಮೀನುಗಾರರು ಬಿದಿರಿನ ಗಳು ಹಿಡಿದು, ಜೀವಂತ ಮರಿಮೀನು ಎರಚಿ, ಒಂದೊಂದಾಗಿ ಟ್ಯೂನಾ ಎತ್ತುತ್ತಿದ್ದರು. ಮೀನು ದೊಡ್ಡದಾದರೆ ಎರಡು ಮೂರು ಗಳುಗಳಿಗೆ ಸೇರಿಸಿ ಒಂದೇ ಗಾಳ. ಎರಡು ಮೂರು ಜನ ಒಟ್ಟಿಗೆ ಎತ್ತಬೇಕಿತ್ತು. ನೈಲಾನ್ ಬಲೆ ಮತ್ತು ಯಂತ್ರದ ರಾಟೆ ಬಂದ ಮೇಲೆ ಆ ಹಡಗುಗಳು ಇಡೀ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆಗೆ ಹೊರಳಿದವು. ನಮ್ಮ ಕರಾವಳಿಗೆ ಎದುರಾಗಿರುವ ಲಕ್ಷದ್ವೀಪದಲ್ಲಿ, ಅದರಲ್ಲೂ ಮಿನಿಕೋಯಿಯಲ್ಲಿ, ಗಳು ಮತ್ತು ಜೀವಂತ ಮರಿಮೀನಿನ ಈ ಪದ್ಧತಿ ಇಂದಿಗೂ ಇದೆ. ಅಲ್ಲಿ ಒಣಗಿಸುವ ಮಾಸ್ ಮೀನು ಹೀಗೆ ಹಿಡಿದ ಟ್ಯೂನಾದ್ದೇ. ಎರಡು ಸಾಗರದ ಜನ, ಒಬ್ಬರನ್ನೊಬ್ಬರು ಕೇಳದೆ, ಟ್ಯೂನಾದ ಮುಂದೆ ಜೀವಂತ ಮೀನು ಬಿಡುವುದೇ ಸರಿಯಾದ ದಾರಿ ಎಂದು ಕಂಡುಕೊಂಡಿದ್ದಾರೆ.

ಈಗ ಟ್ಯಾಂಕಿಗೆ ಬರೋಣ. ಬೂತಾಯಿ ನಿಂತು ಉಸಿರಾಡುವ ಮೀನಲ್ಲ. ಅದು ಹಿಂಡಿನಲ್ಲಿ, ನೀರಿಗೆ ಎದುರಾಗಿ, ಸುತ್ತುತ್ತಲೇ ಇರಬೇಕು. ಆದ್ದರಿಂದ ಟ್ಯಾಂಕು ಗುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿರಬೇಕು. ಚೌಕ ಪೆಟ್ಟಿಗೆಯಾದರೆ ಮೂಲೆಯಲ್ಲಿ ಸಿಕ್ಕಿ ಮೂಗು ಜಜ್ಜಿಕೊಳ್ಳುತ್ತವೆ, ಮರುದಿನಕ್ಕೆ ಮೂಗು ಕೆಂಪಾಗಿರುತ್ತದೆ. ಕೆಂಪು ಮೂಗಿನ ಬೂತಾಯಿಯನ್ನು ಟ್ಯೂನಾ ಮೂಸಿಯೂ ನೋಡುವುದಿಲ್ಲ. ನೀರು ಕೆಳಗಿನಿಂದ, ಗೋಡೆಗೆ ಓರೆಯಾಗಿ ಒಳಬಂದು ನಿಧಾನವಾದ ಸುಳಿ ಎಬ್ಬಿಸಬೇಕು. ಮೇಲಿನ ತೂತಿನಿಂದ ಹೊರಹೋಗಬೇಕು. ಟ್ಯಾಂಕು ಮುಚ್ಚಳದವರೆಗೂ ತುಂಬಿರಬೇಕು. ಅರ್ಧ ತುಂಬಿದ್ದರೆ ಬೋಟು ಅಲೆಗೆ ಎಗರಿದಾಗಲೆಲ್ಲ ನೀರು ತುಳುಕಿ ಮೀನು ಗೋಡೆಗೆ ಬಡಿಯುತ್ತದೆ. ಒಳಗೊಂದು ಚಿಕ್ಕ ದೀಪ ಇಟ್ಟರೆ ಕತ್ತಲಲ್ಲೂ ಅವಕ್ಕೆ ಗೋಡೆ ಕಾಣುತ್ತದೆ.

ನೀರಿನ ಲೆಕ್ಕ ಹೀಗೆ: ಟ್ಯಾಂಕಿನ ಅಷ್ಟೂ ನೀರು 6ರಿಂದ 10 ನಿಮಿಷಕ್ಕೊಮ್ಮೆ ಬದಲಾಗಬೇಕು. 150 ಲೀಟರಿನ ಟ್ಯಾಂಕಿಗೆ ಗಂಟೆಗೆ ಒಂಬೈನೂರರಿಂದ ಸಾವಿರದ ಐನೂರು ಲೀಟರು ನಿಜವಾಗಿ ಹರಿಯಬೇಕು. ಪಂಪಿನ ಡಬ್ಬದ ಮೇಲೆ ಬರೆದಿರುವ ಅಂಕಿ ಪೈಪಿನ ಎತ್ತರ, ತಿರುವುಗಳಲ್ಲಿ ಸಾಕಷ್ಟು ಸೋರಿಹೋಗುತ್ತದೆ. ಬಕೆಟ್ಟು ಹಿಡಿದು ಗಡಿಯಾರ ನೋಡಿ ಅಳೆಯುವುದೇ ಸರಿ. ಹಾಗೆಂದು ಜಾಸ್ತಿ ಬಿಟ್ಟರೂ ತಪ್ಪು. ರಭಸದ ಸುಳಿಯಲ್ಲಿ ಎಂಟು ಗಂಟೆ ಈಜಿದ ಬೂತಾಯಿಗೆ ಬೆಳಿಗ್ಗೆ ಗಾಳದ ತುದಿಯಲ್ಲಿ ಈಜಲು ತ್ರಾಣ ಇರುವುದಿಲ್ಲ. ದೊಡ್ಡ ಬೂತಾಯಿಯಾದರೆ ನಾಲ್ಕು ಲೀಟರಿಗೆ ಒಂದು ಎಂಬ ಅಂದಾಜು ಒಳ್ಳೆಯದು. ರಿಸೀವರಿನವನು ಕೈಬಿಚ್ಚಿ ಇನ್ನೊಂದು ಸ್ಕೂಪು ಸುರಿಯಲು ಬಂದಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ, ಆದರೂ ಬೇಡ ಎನ್ನಬೇಕು. ಒತ್ತಾದ ಟ್ಯಾಂಕಿನಲ್ಲಿ ಮೊದಲು ಹುರುಪೆ ಉದುರುತ್ತದೆ, ಆಮೇಲೆ ಲೋಳೆಯಿಂದ ನೊರೆ ಏಳುತ್ತದೆ, ಆಮೇಲೆ ಒಂದೊಂದೇ ತಳ ಸೇರುತ್ತವೆ. ತಳ ಸೇರಿದ್ದನ್ನು ಆಗಿಂದಾಗ ತೆಗೆಯದಿದ್ದರೆ ಉಳಿದವೂ ಅದೇ ದಾರಿ ಹಿಡಿಯುತ್ತವೆ.

ಬೂತಾಯಿ ಕೊಳ್ಳುವಾಗಲೇ ಒಂದು ಮಾತು ಕೇಳಬೇಕು: ಬಲೆಯಿಂದ ಬಂದು ಎಷ್ಟು ದಿನವಾಯಿತು? ನಿನ್ನೆ ರಾತ್ರಿ ಬಲೆಗೆ ಬಿದ್ದದ್ದು ಗಾಯಗೊಂಡಿರುತ್ತದೆ, ಬೆದರಿರುತ್ತದೆ, ಹುರುಪೆ ಸಡಿಲವಾಗಿರುತ್ತದೆ. ಕೆಲವು ದಿನ ರಿಸೀವರಿನಲ್ಲೇ ಇದ್ದದ್ದಾದರೆ ಸಾಯುವವು ಸತ್ತು, ಗಟ್ಟಿಯಾದವು ಉಳಿದಿರುತ್ತವೆ. ಮೊದಲನೆಯದನ್ನು ಹಸಿ ಬೈಟು, ಎರಡನೆಯದನ್ನು ಪಳಗಿದ ಬೈಟು ಎನ್ನಬಹುದು. ದುಡ್ಡು ಎರಡಕ್ಕೂ ಒಂದೇ, ಫಲ ಒಂದೇ ಅಲ್ಲ.

ಪಂಪು ಕೈಕೊಡುವ ರೀತಿಗಳು ಹೆಚ್ಚಿಲ್ಲ, ಆದರೆ ಅದು ಕೈಕೊಡುವುದು ಎಲ್ಲರೂ ನಿದ್ದೆಯಲ್ಲಿರುವ ಹೊತ್ತಿಗೆ. ಬೋಟು ವೇಗ ಹಿಡಿದು ಮೂತಿ ಎತ್ತಿದಾಗ ತಳದ ತೂತಿಗೆ ಗಾಳಿ ನುಗ್ಗಿ ಪಂಪು ಬರಿದೇ ತಿರುಗುತ್ತದೆ. ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಎಲೆಯೋ ಕಡಲಹುಲ್ಲೋ ನೀರು ಸೋಸುವ ಸ್ಟ್ರೇನರಿಗೆ ಅಡ್ಡ ಬರುತ್ತದೆ. ಫ್ಯೂಸು ಹೋಗುತ್ತದೆ. ಪಂಪು ನಿಂತ ತುಂಬಿದ ಟ್ಯಾಂಕಿನಲ್ಲಿ ಆಮ್ಲಜನಕ ಮುಗಿಯಲು ಹೆಚ್ಚು ಹೊತ್ತು ಬೇಡ. ನೀರು ಬೆಚ್ಚಗಿದ್ದಷ್ಟೂ ಬೇಗ. ಹಾಗಾಗಿ ಎರಡನೇ ಪಂಪು ಪೈಪಿಗೆ ಮೊದಲೇ ಜೋಡಿಸಿ ಇಟ್ಟಿರಬೇಕು, ಪೆಟ್ಟಿಗೆಯ ತಳದಲ್ಲಿ ಪ್ಯಾಕಿಂಗಿನೊಳಗಲ್ಲ. ಮಧ್ಯರಾತ್ರಿಯ ಪಾಳಿಯವನು ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಲೇಬೇಕು. ಹಿಂಡು ಒಂದೇ ದಿಕ್ಕಿಗೆ ತಿರುಗುತ್ತಿದ್ದರೆ ಕ್ಷೇಮ. ಕೆಲವು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಹಿಂಡು ಒಡೆದು ದಿಕ್ಕಾಪಾಲಾಗಿದ್ದರೆ ಆಗಲೇ ತಡವಾಗಿದೆ.

ಇಷ್ಟು ಕಾದು ತಂದ ಮೀನಿಗೆ ಗಿರಾಕಿ ಯಾರು ಎಂದರೆ, ಮುಖ್ಯವಾಗಿ ಇಬ್ಬರು. ಒಂದು ಯೆಲ್ಲೋಟೇಲ್. ಹೆಸರಿನಂತೆ ಬಾಲ ಹಳದಿ. ಟ್ಯೂನಾ ಅಲ್ಲವೇ ಅಲ್ಲ, ಟ್ರೆವಲಿ ಬಳಗದ್ದು. ಸಾಮಾನ್ಯವಾಗಿ 5ರಿಂದ 10 ಕಿಲೋ, ದೊಡ್ಡವು ಅದಕ್ಕೂ ಮೇಲೆ. ಸ್ಯಾನ್ ಡಿಯಾಗೋದ ದಕ್ಷಿಣಕ್ಕೆ, ಮೆಕ್ಸಿಕೊ ನೀರಿನಲ್ಲಿರುವ ಕೊರೊನಾಡೊ ದ್ವೀಪಗಳ ಬಂಡೆಗಳಲ್ಲೂ, ಬಿರುಗಾಳಿಗೆ ಕಿತ್ತು ತೇಲಿಬರುವ ಕೆಲ್ಪ್ ಪಾಚಿಯ ತೆಪ್ಪಗಳ ಕೆಳಗೂ ಅದರ ವಾಸ. ಇನ್ನೊಂದು ಬ್ಲೂಫಿನ್ ಟ್ಯೂನಾ. ಇದು ಹುಟ್ಟುವುದು ಪೆಸಿಫಿಕ್ಕಿನ ಆಚೆ ದಡದಲ್ಲಿ, ಜಪಾನ್ ಮತ್ತು ತೈವಾನ್ ಸುತ್ತಿನ ನೀರಿನಲ್ಲಿ. ಮರಿಗಳಲ್ಲಿ ಒಂದು ಪಾಲು ಇಡೀ ಸಾಗರ ದಾಟಿ ಕ್ಯಾಲಿಫೋರ್ನಿಯಕ್ಕೆ ಮೇಯಲು ಬಂದು, ಕೆಲವು ವರ್ಷ ಇದ್ದು, ಮೊಟ್ಟೆಯಿಡಲು ವಾಪಸ್ಸು ಹೋಗುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತವಾದ ಕೆಲವೇ ತಿಂಗಳಿಗೆ ಸ್ಯಾನ್ ಡಿಯಾಗೋ ಬಳಿ ಹಿಡಿದ ಬ್ಲೂಫಿನ್‌ಗಳ ಮೈಯಲ್ಲಿ ಆ ಸ್ಥಾವರದ ಸೀಸಿಯಂನ ಸುಳಿವು ಸಿಕ್ಕಿತ್ತು. ತಿನ್ನುವವರಿಗೆ ಅಪಾಯವಿಲ್ಲದಷ್ಟು ಅಲ್ಪ ಪ್ರಮಾಣ. ಆದರೆ ಅವು ಎಲ್ಲಿಂದ ಬಂದವು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಅಷ್ಟು ದೂರ ಈಜಿ ಬಂದ ಜೀವದ ಎದುರು ಅರೆಜೀವದ ಬೂತಾಯಿ ಬಿಡುವುದು ಅದಕ್ಕೆ ಮಾಡುವ ಅವಮಾನ ಎಂದೇ ನನಗನ್ನಿಸುತ್ತದೆ.

ಕೆಲ್ಪ್ ತೆಪ್ಪ ಕಂಡಾಗ ಹೊಸಬರು ಮಾಡುವ ತಪ್ಪು ಒಂದೇ: ಖುಷಿಯಲ್ಲಿ ಬೋಟನ್ನು ನೇರ ಅದರ ಮೇಲೆ ಒಯ್ಯುತ್ತಾರೆ. ಗಾಳಿ ಬರುವ ಕಡೆಗೆ ಸುತ್ತುಹಾಕಿ, 30–40 ಮೀಟರು ಆಚೆಗೆ ಎಂಜಿನ್ ನ್ಯೂಟ್ರಲ್ ಮಾಡಿ, ಗಾಳಿಯೇ ಬೋಟನ್ನು ತೆಪ್ಪದ ಪಕ್ಕಕ್ಕೆ ತಳ್ಳಲು ಬಿಡಬೇಕು. ಆಗ ಎರಡು ಮೂರು ಬೂತಾಯಿ ಎಸೆಯಬೇಕು, ಹಿಡಿ ಹಿಡಿಯಾಗಿ ಅಲ್ಲ. ಅವು ತೆಪ್ಪದ ನೆರಳಿಗೆ ಓಡುತ್ತವೆ. ಕೆಳಗೆ ಯೆಲ್ಲೋಟೇಲ್ ಇದ್ದರೆ ನೀರು ಒಡೆದು ಸದ್ದಾಗುತ್ತದೆ. ಹತ್ತು ನಿಮಿಷ ಏನೂ ಆಗದಿದ್ದರೆ ಮುಂದಿನ ತೆಪ್ಪ ಹುಡುಕುವುದೇ ಬುದ್ಧಿವಂತಿಕೆ. ಖಾಲಿ ತೆಪ್ಪಕ್ಕೆ ಬೈಟು ಸುರಿದು ಕೂತ ಬೋಟಿಗೆ ಮಧ್ಯಾಹ್ನ ನಿಜವಾದ ಹಿಂಡು ಸಿಕ್ಕಾಗ ಟ್ಯಾಂಕಿನಲ್ಲಿ ಇರುವುದು ನೀರು ಮಾತ್ರ.

ಗಾಳಕ್ಕೆ ಬೂತಾಯಿ ಆರಿಸುವ ಕ್ಷಣ ನಿಧಾನದ್ದು, ಹಿಂಡು ಎದುರಿಗಿದ್ದರೂ ಅವಸರ ಮಾಡಬಾರದು. ಕೈಗೆ ಸುಲಭವಾಗಿ ಸಿಗುವ ಮೀನು ಬೇಡ. ಸುಲಭವಾಗಿ ಸಿಗುತ್ತದೆ ಎಂದರೇ ಅದು ದಣಿದಿದೆ. ತಪ್ಪಿಸಿಕೊಂಡು ಓಡುವುದು ಬೇಕು. ಬೆನ್ನು ಹಸಿರಾಗಿ ಹೊಳೆಯಬೇಕು, ಹುರುಪೆ ಪೂರ್ತಿ ಇರಬೇಕು, ಮೂಗು ಕೆಂಪಾಗಿರಬಾರದು. ಕೈ ಮೊದಲು ಸಮುದ್ರದ ನೀರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು, ಸನ್‌ಸ್ಕ್ರೀನ್ ಹಚ್ಚಿದ ಕೈ, ಪೆಟ್ರೋಲು ಮುಟ್ಟಿದ ಕೈ ಟ್ಯಾಂಕಿಗೆ ಹೋಗಕೂಡದು. ಹಿಂಡದೆ, ಅಂಗೈಯಲ್ಲಿ ಮೆತ್ತಗೆ ಹಿಡಿದು, ಮೂಗಿನ ಹೊಳ್ಳೆಗಳ ಗಟ್ಟಿ ಭಾಗದಲ್ಲಿ ಅಡ್ಡಕ್ಕೆ ಗಾಳ ದಾಟಿಸಿದರೆ ಅದು ಸಹಜವಾಗಿ ಈಜುತ್ತದೆ. ಹೆಗಲಿಗೆ ಚುಚ್ಚಿದರೆ ಕೆಳಗೆ ಇಳಿಯಲು ನೋಡುತ್ತದೆ. ಹಿಂದೆ, ಗುದರೆಕ್ಕೆಯ ಹತ್ತಿರ ಚುಚ್ಚಿದರೆ ಬೋಟಿನಿಂದ ದೂರ ಓಡುತ್ತದೆ. ಗಾಳ ಬೂತಾಯಿಗೆ ಹೊಂದಬೇಕೇ ಹೊರತು ಟ್ಯೂನಾಕ್ಕಲ್ಲ: ಮಧ್ಯಮ ಬೂತಾಯಿಗೆ 1/0 ಅಥವಾ 2/0 ಅಳತೆಯ ಸರ್ಕಲ್ ಹುಕ್ಕು (ಮೊನೆ ಒಳಕ್ಕೆ ಬಾಗಿದ ಗಾಳ) ಸಾಕು. ಯೆಲ್ಲೋಟೇಲಿಗೆ 30–40 ಪೌಂಡು ಎಳೆತ ತಡೆಯುವ ಫ್ಲೋರೋಕಾರ್ಬನ್ ಎಳೆ. ಬ್ಲೂಫಿನ್ ಬಲು ಸೂಕ್ಷ್ಮಗಣ್ಣಿನದು, ಕೆಲವು ದಿನ 25 ಪೌಂಡಿನ ಎಳೆಗಷ್ಟೇ ಬಾಯಿ ಹಾಕುತ್ತದೆ, ಆಮೇಲೆ ಅದನ್ನೇ ಹರಿದುಕೊಂಡು ಹೋಗುತ್ತದೆ.

ಆಮೇಲೆ ತೂಕ ಕಟ್ಟದೆ ಬರಿಯ ಬೂತಾಯಿಯನ್ನು ನೀರಿಗೆ ಬಿಟ್ಟು, ರೀಲು ಸಡಿಲವಾಗಿ ತಿರುಗುವಂತೆ ಹೆಬ್ಬೆರಳು ತಾಕಿಯೂ ತಾಕದಂತೆ ಇಟ್ಟು, ಅದು ಎಳೆದಷ್ಟು ನೂಲು ಕೊಡುತ್ತಾ ಹೋಗಬೇಕು. ನೂಲು ಬಿಗಿಯಾದರೆ ಬೂತಾಯಿ ಗಾಳಿಪಟದ ಹಾಗೆ ಮೇಲಕ್ಕೆದ್ದು ತಿರುಗುತ್ತದೆ. ಒಂದೆರಡು ನಿಮಿಷದಲ್ಲಿ ಅದು ಮಂಕಾದರೆ ಬದಲಿಸಬೇಕು. ಮೀನು ಎತ್ತಿಕೊಂಡಾಗ ನೂಲು ಒಮ್ಮೆಲೇ ರಭಸ ಪಡೆಯುತ್ತದೆ. ಮೂರು ಎಣಿಸಿ, ರೀಲಿನ ಲಿವರ್ ಹಾಕಿ, ಸುಮ್ಮನೆ ಸುತ್ತಬೇಕು. ಜಗ್ಗಬಾರದು. ಸರ್ಕಲ್ ಹುಕ್ಕು ಬಾಯಿಯ ಮೂಲೆಗೆ ತಾನಾಗಿ ಹೋಗಿ ಕೂರುತ್ತದೆ. ಜಗ್ಗಿದರೆ ಬಾಯಿಯಿಂದ ಹೊರಬರುತ್ತದೆ.

ಟ್ರೋಲಿಂಗ್ ಮಾಡುತ್ತಿರುವಾಗಲೂ, ಅಂದರೆ ಓಡುವ ಬೋಟಿನ ಹಿಂದೆ ಗಾಳ ಎಳೆಯುತ್ತಿರುವಾಗಲೂ, ಟ್ಯಾಂಕಿನ ಹತ್ತಿರ ಒಬ್ಬ ನಿಂತಿರಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಆರರಿಂದ ಎಂಟು ನಾಟ್ ವೇಗದಲ್ಲಿ ಎಳೆಯುತ್ತಿದ್ದ ಸೀಡರ್ ಪ್ಲಗ್ಗಿಗೆ (ಮರದ ನಕಲಿ ಎರೆ) ಒಂದು ಟ್ಯೂನಾ ಬಿತ್ತು ಎನ್ನಿ. ಅದರ ಹಿಂದೆ ಹಿಂಡೇ ಇರುತ್ತದೆ. ಬೋಟು ನಿಲ್ಲಲು ಜಾರುತ್ತಿರುವ ಆ ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಹಿಂಬದಿಯ ನೊರೆಗೆ ಒಂದು ಬೂತಾಯಿ ಬಿಟ್ಟರೆ ಎರಡನೇ ಮೀನು ಬಹುಪಾಲು ಖಚಿತ. ಟ್ರೋಲಿಗೆ ಬಿದ್ದ ಮೀನನ್ನು ನೋಡುತ್ತಾ ಎಲ್ಲರೂ ಚಪ್ಪಾಳೆ ತಟ್ಟುತ್ತಾ ನಿಂತರೆ ಹಿಂಡು ಹೊರಟುಹೋಗುತ್ತದೆ.

ದೊಡ್ಡ ಮೀನು ಸಿಕ್ಕ ಮೇಲೆ ನಾಲ್ಕು ಜನರ ಬೋಟಿನಲ್ಲಿ ಯಾರೂ ಪ್ರೇಕ್ಷಕರಲ್ಲ. ನಮ್ಮ ಕಡೆಯ ಬೋಟಿನ ತಂಡೇಲನ ಹಾಗೆ ಒಬ್ಬ ಸ್ಟಿಯರಿಂಗ್ ಬಿಡಬಾರದು. ಇನ್ನೊಬ್ಬ ಉಳಿದ ನೂಲುಗಳನ್ನೆಲ್ಲ ಎತ್ತಿ ಜಾಗ ಖಾಲಿ ಮಾಡಬೇಕು. ಮತ್ತೊಬ್ಬ ಗ್ಯಾಫು, ಅಂದರೆ ಉದ್ದ ಹಿಡಿಯ ಕೊಕ್ಕೆ, ಹಿಡಿದು ಸಿದ್ಧನಿರಬೇಕು. ರಾಡು ಹಿಡಿದವನು ಮೀನಿನ ಹಿಂದೆ ಬೋಟಿನ ಸುತ್ತ ನಡೆಯಬೇಕು. ನೂಲು ಯಾವಾಗಲೂ ಅವನ ಎದುರಿಗೇ ನೇರ ಇರಬೇಕು. ರೀಲಿನ ಡ್ರ್ಯಾಗು, ಅಂದರೆ ನೂಲು ಬಿಡುವ ಬಿಗಿ, ನೂಲಿನ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ: 40 ಪೌಂಡಿನ ನೂಲಿಗೆ 10–12 ಪೌಂಡು. ಇದನ್ನು ದಡದಲ್ಲೇ ಸ್ಪ್ರಿಂಗ್ ತಕ್ಕಡಿ ಕಟ್ಟಿ ಹೊಂದಿಸಬೇಕು, ಹೋರಾಟದ ನಡುವೆ ತಿರುಪಬಾರದು. ಕೊನೆಯಲ್ಲಿ ಟ್ಯೂನಾ ಬೋಟಿನ ಕೆಳಗೆ ಸುತ್ತು ಹೊಡೆಯಲು ಶುರುಮಾಡುತ್ತದೆ. ಸುತ್ತಿನ ಅರ್ಧ ಭಾಗ ನಮ್ಮ ಕಡೆಗೆ, ಅರ್ಧ ಆಚೆಗೆ. ನಮ್ಮ ಕಡೆ ಬರುವಾಗ ಸುತ್ತಿಕೊಳ್ಳಬೇಕು, ಆಚೆ ಹೋಗುವಾಗ ಹಿಡಿದು ನಿಲ್ಲಬೇಕು, ಅಷ್ಟೆ. ಅತಿ ಹೆಚ್ಚು ಮೀನು ಕಳೆದುಹೋಗುವುದು ಇಲ್ಲೇ, ಕಣ್ಣಿಗೆ ಬಣ್ಣ ಕಂಡ ಮೇಲೆ. ಗ್ಯಾಫು ತಲೆಗೆ, ನೂಲಿನ ಹಿಂದಿನಿಂದ. ನೂಲಿನ ಮೇಲೆ ಬೀಸಿದರೆ ಎಲ್ಲ ಮುಗಿಯಿತು. ಕಡಲಸಿಂಹ ಬಂದು ಮೀನು ಕಿತ್ತುಕೊಂಡರೆ ಅದಕ್ಕೆ ಹಾನಿ ಮಾಡುವ ಹಾಗಿಲ್ಲ, ಅಮೆರಿಕದ 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆ ಅವುಗಳನ್ನು ಕಾಯುತ್ತದೆ. ಜಾಗ ಬಿಟ್ಟು ಹೋಗುವುದೇ ಒಳ್ಳೆಯ ದಾರಿ.

ಮೀನು ಹಲಗೆಗೆ ಬಂದ ಮೇಲಿನ ಹತ್ತು ನಿಮಿಷ ಹಿಡಿದ ಒಂದು ಗಂಟೆಗಿಂತ ಮುಖ್ಯ. ಟ್ಯೂನಾದ ರಕ್ತ ಬಿಸಿ. ಹೋರಾಡಿದಷ್ಟೂ ಮಾಂಸ ಕಾಯುತ್ತದೆ, ಹುಳಿಯುತ್ತದೆ. ಮೊದಲು ಕಣ್ಣುಗಳ ನಡುವಿನ ಮೆತ್ತನೆ ಗುರುತಿನಲ್ಲಿ ಮೊನೆ ಇಳಿಸಿ ಮಿದುಳು ನಿಲ್ಲಿಸಬೇಕು. ಆಮೇಲೆ ಎದೆಯ ರೆಕ್ಕೆಯ ಬುಡದಿಂದ ಎರಡು ಮೂರು ಬೆರಳು ಹಿಂದಕ್ಕೆ, ಎರಡೂ ಬದಿ, ಎರಡು ಸೆಂಟಿಮೀಟರು ಆಳದ ಗೀರು, ಜೊತೆಗೆ ಕಿವಿರಿನ ಪೊರೆ. ರಕ್ತ ಪೂರ್ತಿ ಇಳಿದ ಮೇಲೆ ಕರುಳು, ಕಿವಿರು ತೆಗೆದು, ಐಸು ಎರಡು ಪಾಲು, ಸಮುದ್ರದ ನೀರು ಒಂದು ಪಾಲು ಬೆರೆಸಿದ ತೊಟ್ಟಿಗೆ ಇಳಿಸಬೇಕು. ಬರೀ ಐಸಿನ ಮೇಲಿಟ್ಟರೆ ತಾಕಿದ ಕಡೆ ಮಾತ್ರ ತಣ್ಣಗಾಗುತ್ತದೆ. ಉಪ್ಪುನೀರಿನ ಕೆಸರೈಸು ಮೈಯನ್ನೆಲ್ಲ ಸುತ್ತುವರಿದು ಸೊನ್ನೆಗಿಂತ ಕೆಳಕ್ಕೆ ಒಯ್ಯುತ್ತದೆ. ಐಸು ಮೀನಿನಷ್ಟೇ ತೂಕವಾದರೂ ಇರಲಿ. ಇದು ರುಚಿಯ ಮಾತಷ್ಟೇ ಅಲ್ಲ. ಬಿಸಿಲಲ್ಲಿ ಬಿಟ್ಟ ಟ್ಯೂನಾದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಬಂಗುಡೆ, ಬೂತಾಯಿ ತಿಂದು ಮುಖ ಕೆಂಪಾಗಿ ಮೈ ತುರಿಸುವುದೂ ಇದೇ ವಿಷದಿಂದ.

ಕಾನೂನಿನ ಮಾತು ಚುಟುಕಾಗಿ. ಕ್ಯಾಲಿಫೋರ್ನಿಯದಲ್ಲಿ ಬ್ಲೂಫಿನ್‌ಗೆ 2015ರಲ್ಲಿ ಒಬ್ಬರಿಗೆ ದಿನಕ್ಕೆ ಎರಡು ಎಂಬ ಮಿತಿ ಬಂತು. ಹೊರಡುವ ಮುನ್ನ ಆ ವರ್ಷದ ನಿಯಮ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯ ಕರಾವಳಿಯ ಪಾಯಿಂಟ್ ಕನ್ಸೆಪ್ಷನ್ ಭೂಶಿರದ ದಕ್ಷಿಣಕ್ಕೆ ಬೋಟಿನ ಮೇಲೆ ಟ್ಯೂನಾ ಕತ್ತರಿಸುವುದಾದರೆ ಆರು ತುಂಡು: ನಾಲ್ಕು ಲಾಯಿನ್ (ಮೈಯ ಉದ್ದಕ್ಕೆ ತೆಗೆದ ಮಾಂಸದ ಪಟ್ಟಿ), ಎದೆರೆಕ್ಕೆಗಳ ಸಮೇತ ಕೊರಳು, ಹೊಟ್ಟೆಯ ಭಾಗ. ಒಂದು ಮೀನಿನ ಆರೂ ತುಂಡು ಒಂದೇ ಚೀಲದಲ್ಲಿ, ಯಾವ ಜಾತಿ ಎಂದು ಗುರುತಿಸುವಂತಿರಬೇಕು. ಮೆಕ್ಸಿಕೊ ನೀರಿಗೆ ದಾಟುವುದಾದರೆ ಅಲ್ಲಿಯ ಲೈಸೆನ್ಸು ಬೇರೆ. ಸ್ಯಾನ್ ಡಿಯಾಗೋದ ಕಂಪನಿಗಳಲ್ಲಿ ವೀಸಾ ಮೇಲೆ ಇರುವ ನಮ್ಮ ಹುಡುಗರು ಕೊರೊನಾಡೊ ಕಣ್ಣಿಗೇ ಕಾಣುತ್ತದಲ್ಲ ಎಂದು ಪಾಸ್‌ಪೋರ್ಟು ಮನೆಯಲ್ಲಿ ಬಿಟ್ಟು ಹೋಗಬಾರದು. ಅದು ಬೇರೆ ದೇಶ.

ಮಿತಿ ಹಾಕಿದ್ದರ ಫಲವೂ ಕಂಡಿದೆ. ಸಾಗರದ ಎರಡೂ ದಡದ ದೇಶಗಳು ಕೈ ಬಿಗಿಹಿಡಿದ ಮೇಲೆ, ಪಾತಾಳ ಮುಟ್ಟಿದ್ದ ಪೆಸಿಫಿಕ್ ಬ್ಲೂಫಿನ್ ಸಂತತಿ 2024ರ ಅಂದಾಜಿನ ಹೊತ್ತಿಗೆ ಗುರಿಯನ್ನು ದಾಟಿ ಮೇಲೆ ಬಂದಿತ್ತು. ಬೂತಾಯಿಯ ಕಥೆ ಬೇರೆ. ಕ್ಯಾಲಿಫೋರ್ನಿಯದ ಸಾರ್ಡೀನ್ 1940ರ ದಶಕದಲ್ಲಿ ಒಮ್ಮೆ ಕುಸಿದಿತ್ತು. ಮತ್ತೆ ಚೇತರಿಸಿ ಮತ್ತೆ ಇಳಿದಾಗ, 2015ರಲ್ಲಿ ಅದರ ಮುಖ್ಯ ವಾಣಿಜ್ಯ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಜೀವಂತ ಬೈಟಿಗಾಗಿ ಹಿಡಿಯುವಂಥ ಕೆಲವಕ್ಕೆ ಮಾತ್ರ ಅವಕಾಶ ಉಳಿಯಿತು. ನಮ್ಮ ಕರಾವಳಿಯಲ್ಲೂ ಒಂದು ವರ್ಷ ರಾಶಿ ರಾಶಿ ಬಂದು ಇನ್ನೊಂದು ವರ್ಷ ಮಾಯವಾಗುವ ಬೂತಾಯಿಯ ಸ್ವಭಾವ ಗೊತ್ತಿರುವವರಿಗೆ ಇದು ಅಚ್ಚರಿಯಲ್ಲ. ಅಂದರೆ ಟ್ಯಾಂಕಿನಲ್ಲಿ ಅಜಾಗ್ರತೆಯಿಂದ ಸಾಯುವ ಪ್ರತಿ ಬೂತಾಯಿಯೂ ಸಾಲದಲ್ಲಿರುವ ಮನೆಯಿಂದ ತಂದದ್ದು.

ದಡಕ್ಕೆ ಬಂದ ಮೇಲೂ ಟ್ಯಾಂಕಿನ ಕೆಲಸ ಉಳಿದಿರುತ್ತದೆ. ನೀರು ಬಸಿದು, ಗೋಡೆಗೆ ಬೆಳ್ಳಿಯ ರೇಕಿನಂತೆ ಅಂಟಿದ ಹುರುಪೆಯನ್ನು ಒಣಗುವ ಮೊದಲೇ ಮೆತ್ತನೆ ಬ್ರಷ್ಷಿನಿಂದ ಉಜ್ಜಬೇಕು. ಒಣಗಿದರೆ ಉಗುರಿನಿಂದ ಕೆರೆದು ತೆಗೆಯುವ ಗತಿ. ಸೋಪು ಬೇಡ, ಅದರ ಅಂಶ ಉಳಿದರೆ ಮುಂದಿನ ಬೂತಾಯಿಗೆ ಕುತ್ತು. ಸ್ಟ್ರೇನರ್ ಬಿಚ್ಚಿ ಕೆಲ್ಪ್ ಎಳೆ ತೆಗೆದು, ಎರಡೂ ಪಂಪಿಗೆ ಸಿಹಿನೀರು ಹರಿಸಿ, ಹೋದ ಫ್ಯೂಸಿನ ಜಾಗಕ್ಕೆ ಹೊಸದನ್ನಿಟ್ಟು, ಮುಚ್ಚಳ ತೆರೆದೇ ಬಿಡಬೇಕು, ಒಳಗೆ ಗಾಳಿಯಾಡಲಿ.